ಸ್ಪ್ರೂಸ್ ಸಸಿಗಳನ್ನು ಬರ್ಚ್ ಮುಚ್ಚಿಬಿಟ್ಟಿದೆ: ಸವರೋದಾ, ಹಾಗೇ ಬಿಡೋದಾ?

ಪ್ರಶ್ನೆ: ನಮಸ್ಕಾರ ಸರ್. ನನ್ನ ತವರು ಸಾಗರದ ಹತ್ತಿರ. ಮದುವೆಯಾಗಿ ಫಿನ್ಲೆಂಡಿಗೆ ಬಂದು ಒಂಬತ್ತು ವರ್ಷ ಆಯ್ತು. ಯುವಾಸ್ಕ್ಯುಲಾ ಊರಿನಿಂದ ಒಂದು ಗಂಟೆ ದೂರದಲ್ಲಿ ಮಾವನವರ ಕಾಡಿದೆ. ಅದರಲ್ಲಿ ಎರಡೂವರೆ ಹೆಕ್ಟೇರಿನಲ್ಲಿ ದೊಡ್ಡ ಮರ ಮಾರಿ, ಆರು ವರ್ಷದ ಹಿಂದೆ ಸ್ಪ್ರೂಸ್ (ಕ್ರಿಸ್‌ಮಸ್ ಮರದ ಹಾಗಿರುವ ಸೂಜಿ ಎಲೆಯ ಮರ) ಸಸಿ ನೆಟ್ಟಿದ್ದಾರೆ. ಮೇಲಿನ ಜಲ್ಲಿ ದಿಬ್ಬದಲ್ಲಿ ಸ್ವಲ್ಪ ಪೈನ್ ಇದೆ. ಕೆಳಗೊಂದು ತಗ್ಗು ಇದೆ, ಅಲ್ಲಿ ಸದಾ ಒದ್ದೆ. ಹೋದ ವರ್ಷ ಮಾವನವರಿಗೆ ಮೊಣಕಾಲಿನ ಆಪರೇಷನ್ ಆಯ್ತು, ಕಾಡಿನ ಜವಾಬ್ದಾರಿ ನಮ್ಮ ಮೇಲೆ ಬಿತ್ತು. ಹೋಗಿ ನೋಡಿದರೆ ಸ್ಪ್ರೂಸ್ ನನ್ನ ಸೊಂಟದವರೆಗೆ ಇದೆ. ಬರ್ಚ್, ಆಸ್ಪೆನ್, ರೋವನ್ ಅನ್ನುವ ಅಗಲ ಎಲೆಯ ಗಿಡಗಳೆಲ್ಲ ತಲೆಯ ಮೇಲೆ ಹೋಗಿವೆ. ಸಸಿ ಹುಡುಕಿಕೊಂಡು ಹೋಗಬೇಕು. ಮಾವ ಹೇಳ್ತಾರೆ, ಒಂದೂ ಬಿಡದೆ ಕಡಿಸಿ ಅಂತ. ನನ್ನ ಗಂಡ ಹೇಳ್ತಾರೆ, ಕಾಡು ತಾನೇ ಸರಿ ಮಾಡಿಕೊಳ್ಳುತ್ತೆ, ಮುಟ್ಟಬೇಡ ಅಂತ. ಪಕ್ಕದ ಜಮೀನಿನವರು, ಇನ್ನೂ ಹತ್ತು ವರ್ಷ ಕಾದು ಒಟ್ಟಿಗೆ ಕಡಿದು ಸೌದೆಗೆ ಮಾರಿ ಅಂತಾರೆ. ಗುತ್ತಿಗೆದಾರರು ಮೇ ತಿಂಗಳಲ್ಲೇ ಪೂರ್ತಿ ಸವರಿ ಕೊಡ್ತೀನಿ ಅಂತ ರೇಟು ಕೊಟ್ಟಿದ್ದಾರೆ. ನಮ್ಮಪ್ಪ ತೋಟಕ್ಕೆ ಕಳೆ ಔಷಧಿ ಹೊಡೀತಿದ್ದರು, ಇಲ್ಲೂ ಹಾಗೆ ಮಾಡಬಹುದಾ? ನಾವೇ ಮಿಷನ್ ಹಿಡಿದು ಮಾಡೋಕಾಗುತ್ತಾ? ನಿಜ ಹೇಳ್ತೀನಿ ಸರ್, ಹಸಿರಾಗಿ ನಿಂತ ಗಿಡ ಕಡಿಯೋಕೆ ಮನಸ್ಸು ಬರ್ತಾ ಇಲ್ಲ.

ಉತ್ತರ: ನಿಮ್ಮ ಕೊನೆಯ ಸಾಲಿನಿಂದಲೇ ಶುರು ಮಾಡ್ತೀನಿ. ಶಿರಸಿಯಲ್ಲಿ ಅರಣ್ಯಶಾಸ್ತ್ರ ಓದಿ ಇಲ್ಲಿಗೆ ಬಂದ ಹೊಸದರಲ್ಲಿ ನನಗೂ ಹೀಗೇ ಆಗಿತ್ತು. ಮಲೆನಾಡಿನವರಿಗೆ ನೆರಳು ಅಂದರೆ ರಕ್ಷಣೆ. ಎಳೆ ಅಡಿಕೆ ಸಸಿಗೆ ಬಿಸಿಲು ಬೀಳಬಾರದು ಅಂತ ಸೊಪ್ಪು ಕಟ್ಟಿ ಬೆಳೆಸಿದವರು ನಾವು. ಸೊಪ್ಪಿನ ಬೆಟ್ಟದಲ್ಲಿ ಒಂದು ಗಿಡ ತಾನಾಗಿ ಎದ್ದರೆ ಖುಷಿ ಪಡುವವರು. ಅದೇ ಕಣ್ಣಿನಿಂದ ಇಲ್ಲಿಯ ಎಳೆಕಾಡು ನೋಡಿದರೆ, ಎಷ್ಟು ಚೆನ್ನಾಗಿ ಮುಚ್ಚಿಕೊಂಡಿದೆಯಲ್ಲ, ಯಾಕೆ ಕಡಿಯಬೇಕು ಅನ್ನಿಸುತ್ತದೆ.

ಆದರೆ ನೀವಿರುವ ಜಾಗದಲ್ಲಿ ಬಿಸಿಲೇ ಬಡತನ. ಸೂರ್ಯ ಓರೆಯಾಗಿ ಬೀಳುತ್ತಾನೆ. ಗಿಡ ಬೆಳೆಯುವ ಕಾಲ ವರ್ಷಕ್ಕೆ ಸುಮಾರು ಐದು ತಿಂಗಳು. ಅದರಲ್ಲೂ ಸ್ಪ್ರೂಸಿನ ತುದಿ ಉದ್ದವಾಗುವುದು ಮೇ ಕೊನೆಯಿಂದ ಜುಲೈ ಮಧ್ಯದವರೆಗೆ, ಅಷ್ಟೇ. ಆ ಆರೇಳು ವಾರದಲ್ಲಿ ಸಸಿಗೆ ಸಿಕ್ಕಿದ್ದು ಸಿಕ್ಕಿತು, ಇಲ್ಲದಿದ್ದರೆ ಮುಂದಿನ ವರ್ಷವೇ. ನೆರಳು ಬಿದ್ದರೆ ಬೆಳಕು ಕಡಿಮೆಯಾಗುವುದಷ್ಟೇ ಅಲ್ಲ, ನೆಲ ಬಿಸಿಯಾಗುವುದೂ ತಡವಾಗುತ್ತದೆ.

ಈ ಕೆಲಸಕ್ಕೆ ಫಿನ್ನಿಷ್ ಭಾಷೆಯಲ್ಲಿ ತೈಮಿಕೋನ್‌ಹೊಯ್ತೊ ಅಂತಾರೆ. ತೈಮಿಕ್ಕೊ ಅಂದರೆ ಎಳೆಗಿಡಗಳ ಕಾಡು. ಹೊಯ್ತೊ ಅಂದರೆ ಆರೈಕೆ. ಆಸ್ಪತ್ರೆಯಲ್ಲಿ ರೋಗಿಯನ್ನು, ಶಿಶುವಿಹಾರದಲ್ಲಿ ಮಗುವನ್ನು ನೋಡಿಕೊಳ್ಳುವುದಕ್ಕೂ ಇದೇ ಪದ. ನಮ್ಮ ಕಡೆ ಹಳು ಸವರುವುದು ಅಂತೀವಲ್ಲ, ಕೆಲಸ ಅದೇ. ಮನಸ್ಸಿಗೆ ಹಗುರ ಅನ್ನಿಸುವುದಾದರೆ ಆರೈಕೆ ಅಂತಲೇ ಅಂದುಕೊಳ್ಳಿ.

ಈಗ ವಿಷಯಕ್ಕೆ ಬರೋಣ. ನಿಮಗೆ ನಾಲ್ಕು ಜನ ನಾಲ್ಕು ಮಾತು ಹೇಳಿದ್ದಾರೆ. ನಾಲ್ಕರಲ್ಲೂ ಸ್ವಲ್ಪ ಸ್ವಲ್ಪ ನಿಜ ಇದೆ. ಆದ್ದರಿಂದಲೇ ಗೊಂದಲ.

ಇಷ್ಟೊಂದು ಬರ್ಚ್ ಎಲ್ಲಿಂದ ಬಂತು?

ಯಾರೂ ನೆಟ್ಟಿಲ್ಲ, ಅಲ್ವಾ? ದೊಡ್ಡ ಮರ ಕಡಿದ ಮೇಲೆ ಸಸಿ ನೆಡುವ ಮುಂಚೆ ಯಂತ್ರದಿಂದ ಮಣ್ಣು ಮಗುಚಿ ಸಣ್ಣ ಸಣ್ಣ ದಿಬ್ಬ ಮಾಡುತ್ತಾರೆ. ದಿಬ್ಬದ ಮೇಲೆ ನೆಟ್ಟ ಸ್ಪ್ರೂಸಿಗೆ ಬೇರಿನಡಿ ಬೆಚ್ಚಗಿರುತ್ತದೆ, ನೀರು ನಿಲ್ಲುವುದಿಲ್ಲ. ಬುಡ ಕೊರೆಯುವ ಮೂತಿಹುಳಕ್ಕೂ ಬರೀ ಮಣ್ಣಿನ ಮೇಲೆ ಓಡಾಡುವುದು ಇಷ್ಟವಿಲ್ಲ. ಒಳ್ಳೆಯ ಪದ್ಧತಿಯೇ. ಆದರೆ ಅದೇ ಬೋಳು ಮಣ್ಣು ಬರ್ಚ್ ಬೀಜಕ್ಕೆ ಹಾಸಿಗೆ. ಬರ್ಚ್ ಬೀಜ ಹೊಟ್ಟಿನಷ್ಟು ಹಗುರ, ಗಾಳಿಯಲ್ಲಿ ತೇಲಿ ಬರುತ್ತದೆ. ಹೆಕ್ಟೇರಿಗೆ 1800 ಸ್ಪ್ರೂಸ್ ನೆಟ್ಟ ಜಾಗದಲ್ಲಿ ಹತ್ತಿಪ್ಪತ್ತು ಸಾವಿರ ಎಲೆಗಿಡ ಏಳುವುದು ಇಲ್ಲಿ ದಿನನಿತ್ಯದ ಮಾತು. ಆಸ್ಪೆನ್ ಕಥೆ ಬೇರೆ. ಹಳೆಯ ಮರ ಕಡಿದರೂ ಬೇರು ಸಾಯುವುದಿಲ್ಲ. ಬೇರಿನುದ್ದಕ್ಕೂ ಚಿಗುರು ಹೊಡೆಯುತ್ತದೆ, ಒಂದೇ ಬೇಸಿಗೆಯಲ್ಲಿ ಒಂದು ಮೀಟರ್ ಏಳಬಹುದು. ಪಾಪದ ಸ್ಪ್ರೂಸ್ ಮೊದಲ ವರ್ಷಗಳಲ್ಲಿ ಗೇಣುದ್ದ ಬೆಳೆದರೆ ಹೆಚ್ಚು. ಓಟ ಶುರುವಾಗುವ ಮುಂಚೆಯೇ ಅದು ಹಿಂದೆ ಬಿದ್ದಿರುತ್ತದೆ.

"ಕಾಡು ತಾನೇ ಸರಿ ಮಾಡಿಕೊಳ್ಳುತ್ತೆ" ಅನ್ನುವ ಮಾತು

ನಿಮ್ಮ ಗಂಡ ಹೇಳಿದ್ದು ಸುಳ್ಳಲ್ಲ. ಸ್ಪ್ರೂಸ್ ನೆರಳು ತಡೆದುಕೊಳ್ಳುವ ಮರ. ಮುಟ್ಟದೆ ಬಿಟ್ಟರೂ ಬಹಳಷ್ಟು ಸಸಿ ಸಾಯುವುದಿಲ್ಲ. ಬರ್ಚ್ ಮೇಲೆ ಬೆಳೆದು, ಹಣ್ಣಾಗಿ, ಬಿದ್ದು, ಕೆಳಗಿದ್ದ ಸ್ಪ್ರೂಸ್ ಮೇಲೆ ಬಂದು ಕಾಡಾಗುತ್ತದೆ. ಪ್ರಕೃತಿಯ ದಾರಿ ಅದೇ. ಆದರೆ ಪ್ರಕೃತಿಗೆ ಆತುರ ಇಲ್ಲ. ನಿಮ್ಮ ಮಾವನವರು ಹಣ ಹಾಕಿ ಸಸಿ ನೆಟ್ಟದ್ದು 60ರಿಂದ 80 ವರ್ಷದಲ್ಲಿ ದಿಮ್ಮಿ ಕೊಡುವ ಕಾಡಿಗೆ. ಅಷ್ಟರೊಳಗೆ ಮರ ಬೇಕು ಅಂದರೆ ಕೈ ಹಾಕಲೇಬೇಕು.

ಸಾಯುವುದಿಲ್ಲ ಅನ್ನುವುದೇ ಇಲ್ಲಿ ಜನರನ್ನು ಮೋಸ ಮಾಡುತ್ತದೆ. ಹೊರಗಿನಿಂದ ನೋಡಿದರೆ ಸಸಿ ಹಸಿರಾಗಿಯೇ ಇರುತ್ತದೆ. ಕಷ್ಟ ಏನು ಅಂತ ತಿಳಿಯಬೇಕಾದರೆ ಮಂಡಿಯೂರಿ ಕೂತು ಒಂದೊಂದೇ ಗಿಡದ ತುದಿ ನೋಡಬೇಕು. ಹೀಗೆ ಮಾಡಿ. ಒಂದು ಸ್ಪ್ರೂಸ್ ಹಿಡಿದು ಅದರ ನೆತ್ತಿಯ ಚಿಗುರು, ಅಂದರೆ ನೇರ ಮೇಲಕ್ಕೆ ಎದ್ದ ಹೋದ ವರ್ಷದ ಕಡ್ಡಿ, ಎಷ್ಟು ಉದ್ದ ಇದೆ ನೋಡಿ. ಅದರ ಕೆಳಗೆ ಸುತ್ತ ಹರಡಿದ ಪಕ್ಕದ ಚಿಗುರುಗಳನ್ನೂ ನೋಡಿ. ನೆತ್ತಿಯದು ಉದ್ದ ಇದ್ದರೆ ಗಿಡ ಆರೋಗ್ಯವಾಗಿದೆ. ಪಕ್ಕದವು ನೆತ್ತಿಗಿಂತ ಉದ್ದವಾಗಿ, ಗಿಡದ ತಲೆ ಛತ್ರಿಯ ಹಾಗೆ ಚಪ್ಪಟೆಯಾಗಿದ್ದರೆ, ಅದು ಮೇಲೆ ಹೋಗುವ ಆಸೆ ಬಿಟ್ಟು ಇದ್ದಲ್ಲೇ ಬೆಳಕಿಗಾಗಿ ಕೈ ಚಾಚುತ್ತಿದೆ ಅಂತ ಅರ್ಥ. ಇನ್ನೊಂದು ಗುರುತು ನೆತ್ತಿಯ ಮೊಗ್ಗು. ಅದು ಉದುರಿ, ತುದಿ ಬೋಳಾಗಿ, ಸಿಪ್ಪೆ ಸವೆದಿದ್ದರೆ ಗಾಳಿಗೆ ಬರ್ಚ್ ಕೊಂಬೆ ಬಾರುಕೋಲಿನ ಹಾಗೆ ಅದರ ಮೇಲೆ ಬೀಸುತ್ತಿದೆ. ಈ ಏಟು ನೆರಳಿಗಿಂತ ಕೆಟ್ಟದ್ದು. ತುದಿ ಹೋದ ಸ್ಪ್ರೂಸ್ ಎರಡು ತಲೆ ಹೊಡೆಯುತ್ತದೆ, ದಿಮ್ಮಿ ಕೆಡುತ್ತದೆ.

ನಿಮ್ಮ ಪತ್ರದಲ್ಲಿರುವ ಎತ್ತರ ನೋಡಿದರೆ, ಸ್ಪ್ರೂಸ್ ಸುಮಾರು ಒಂದು ಮೀಟರ್, ಬರ್ಚ್ ಅದರ ಎರಡು ಪಟ್ಟು. ಮೊದಲ ಸವರುವಿಕೆಗೆ ಇದೇ ಸರಿಯಾದ ಕಾಲ. ಒಂದೆರಡು ವರ್ಷ ತಡವಾಗಿರಬಹುದು, ಕೈ ಮೀರಿಲ್ಲ.

ಹತ್ತು ವರ್ಷ ಕಾದು ಸೌದೆಗೆ ಮಾರುವ ಲೆಕ್ಕ

ಇದನ್ನು ನಾನು ಒಪ್ಪುವುದಿಲ್ಲ. ಇವತ್ತು ಬರ್ಚ್ ಬುಡ ಹೆಬ್ಬೆರಳಿನಷ್ಟು ದಪ್ಪ, ಮಿಷನ್ ಒಂದು ಸಲ ಬೀಸಿದರೆ ಐದಾರು ಗಿಡ ಮಲಗುತ್ತವೆ. ನಾಲ್ಕು ವರ್ಷ ಬಿಟ್ಟರೆ ಮಣಿಕಟ್ಟಿನಷ್ಟು ದಪ್ಪ, ಒಂದೊಂದನ್ನೇ ಕತ್ತರಿಸಿ ದಿಕ್ಕು ನೋಡಿ ಬೀಳಿಸಬೇಕು. ಬಿದ್ದದ್ದು ಸ್ಪ್ರೂಸ್ ಮೇಲೆ ಬೀಳುತ್ತದೆ. ಕೂಲಿ ಏರುತ್ತಾ ಹೋಗುತ್ತದೆ. ಸೌದೆಯಿಂದ ಬರುವ ಹಣ ಬೆಳವಣಿಗೆಯಲ್ಲಿ ಕಳೆದದ್ದನ್ನು ತುಂಬುವುದು ನಾನು ನೋಡಿದ ಕಡೆ ಅಪರೂಪ. ಅದಕ್ಕಿಂತ ದೊಡ್ಡ ಅಪಾಯ ಬೇರೆ ಇದೆ. ವರ್ಷಗಟ್ಟಲೆ ನೆರಳಲ್ಲಿ ಉದ್ದುದ್ದ ಸಣಕಲಾಗಿ ಬೆಳೆದ ಗಿಡದ ಸುತ್ತ ಒಮ್ಮೆಲೇ ಬಯಲು ಮಾಡಿದರೆ ಅದು ನಿಲ್ಲುವುದಿಲ್ಲ. ಮೊದಲ ಚಳಿಗಾಲದ ಒದ್ದೆ ಹಿಮಕ್ಕೆ ಬಾಗಿ ನೆಲ ಮುಟ್ಟುತ್ತದೆ. ನೆರಳಿಗೆ ಒಗ್ಗಿದ ಸೂಜಿ ಎಲೆ ಬಿಸಿಲಿಗೆ ಕೆಂಪಾಗಿ ಉದುರುತ್ತದೆ. ಕತ್ತಲ ಕೋಣೆಯಿಂದ ಹೊರಗೆ ಬಂದವರಿಗೆ ಕಣ್ಣು ಕುಕ್ಕುವ ಹಾಗೆ.

ಒಂದೂ ಬಿಡದೆ ಕಡಿಯಬೇಕಾ?

ಮಾವನವರ ಕಾಲದಲ್ಲಿ ಹಾಗೇ ಕಲಿಸಿದ್ದರು. ಸ್ಪ್ರೂಸ್ ಅಂದರೆ ಸ್ಪ್ರೂಸ್, ಬರ್ಚ್ ಅಂದರೆ ಕಳೆ. ಅವರ ತಲೆಮಾರಿನವರ ಮೇಲೆ ನನಗೆ ತುಂಬಾ ಗೌರವ ಇದೆ. ಸುಮಾರು 6 ಲಕ್ಷ ಖಾಸಗಿ ಕಾಡಿನೊಡೆಯರಿರುವ ದೇಶ ಇದು. ಕಾಡನ್ನು ತೋಟದಷ್ಟು ಅಚ್ಚುಕಟ್ಟಾಗಿ ಇಟ್ಟವರು ಅವರೇ. ಆದರೆ ಈ ಒಂದು ವಿಷಯದಲ್ಲಿ ತಿಳಿವಳಿಕೆ ಬದಲಾಗಿದೆ. ಬರೀ ಸ್ಪ್ರೂಸ್ ತುಂಬಿದ ಕಾಡಿಗೆ ಬೇರುಕೊಳೆ ರೋಗ ಬಂದರೆ ಬೇರಿನಿಂದ ಬೇರಿಗೆ ಹಬ್ಬುತ್ತದೆ. ತೊಗಟೆ ಕೊರೆಯುವ ದುಂಬಿಗೂ ಒಂದೇ ಜಾತಿಯ ಕಾಡೇ ಹಬ್ಬ. ನಡುನಡುವೆ ಬರ್ಚ್ ಇದ್ದರೆ ಆ ಹಬ್ಬುವಿಕೆಗೆ ತಡೆ ಬೀಳುತ್ತದೆ. ಬರ್ಚ್ ದರಗು ಬೇಗ ಕೊಳೆತು ಮಣ್ಣಿಗೆ ಒಳ್ಳೆಯದು ಮಾಡುತ್ತದೆ. ಆದ್ದರಿಂದ ಈಗ ನಾವು ಹೇಳುವುದು ನೂರಕ್ಕೆ ಹತ್ತರಿಂದ ಇಪ್ಪತ್ತರಷ್ಟು ಎಲೆಮರ ಇರಲಿ ಅಂತ.

ಯಾವ ಬರ್ಚ್ ಉಳಿಸಬೇಕು? ಇಲ್ಲಿ ಎರಡು ಜಾತಿ ಇವೆ. ಎಳೆಯ ಕಡ್ಡಿಯೊಂದನ್ನು ಬೆರಳ ನಡುವೆ ಸವರಿ ನೋಡಿ. ಮರಳು ಕಾಗದದ ಹಾಗೆ ಸಣ್ಣ ಸಣ್ಣ ಗಂಟು ತಾಗಿದರೆ ಅದು ರೌದುಸ್‌ಕೊಯ್ವು, ಬೆಳ್ಳಿ ಬರ್ಚ್. ಮೆತ್ತಗೆ ರೋಮ ಇದ್ದ ಹಾಗೆ ಅನ್ನಿಸಿದರೆ ಹಿಯೆಸ್‌ಕೊಯ್ವು. ಬೆಳ್ಳಿ ಬರ್ಚ್ ನೇರ ಬೆಳೆದು ಪ್ಲೈವುಡ್ ದಿಮ್ಮಿ ಆಗುತ್ತದೆ, ಬೆಲೆ ಇದೆ. ಬೊಡ್ಡೆಯಿಂದ ಗುಂಪಾಗಿ ಎದ್ದ ಚಿಗುರಲ್ಲ, ಬೀಜದಿಂದ ಒಂಟಿಯಾಗಿ ಎದ್ದದ್ದನ್ನು ಆರಿಸಿ. ಸ್ಪ್ರೂಸಿಗೆ ಒತ್ತಿಕೊಂಡಿರಬಾರದು. ನೆಟ್ಟ ಸಸಿ ಸತ್ತು ಖಾಲಿ ಬಿದ್ದ ಕಡೆ ಇದ್ದರೆ ಅದಕ್ಕಿಂತ ಒಳ್ಳೆಯದಿಲ್ಲ, ಅದನ್ನೇ ಬೆಳೆಸಿಕೊಳ್ಳಿ.

ಒಂದೂ ಬಿಡಬೇಡಿ ಅನ್ನುವ ಮಾವನವರ ಮಾತಿಗೆ ಆಸ್ಪೆನ್ ವಿಷಯದಲ್ಲಿ ಕಾರಣವೂ ಇದೆ. ಪೈನ್ ಗಿಡಕ್ಕೆ ಬರುವ ಒಂದು ತುಕ್ಕು ರೋಗ ಆಸ್ಪೆನ್ ಎಲೆಯಲ್ಲಿ ಅರ್ಧ ಬದುಕು ಕಳೆಯುತ್ತದೆ. ಉದುರಿದ ಎಲೆಯಿಂದ ವಸಂತದಲ್ಲಿ ಹಾರಿ ಪೈನಿನ ಹೊಸ ಚಿಗುರಿಗೆ ಹತ್ತುತ್ತದೆ. ಚಿಗುರು ಹಾವಿನ ಹಾಗೆ ತಿರುಚಿಕೊಳ್ಳುತ್ತದೆ. ಹಾಗಾಗಿ ನಿಮ್ಮ ಜಲ್ಲಿ ದಿಬ್ಬದ ಪೈನ್ ಹತ್ತಿರ ಎಳೆ ಆಸ್ಪೆನ್ ಬೇಡ, ತೆಗೆಸಿ. ಸ್ಪ್ರೂಸಿಗೆ ಈ ರೋಗ ತಾಗುವುದಿಲ್ಲ. ಅಂಚಿನಲ್ಲಿ ದೊಡ್ಡ ಹಳೆಯ ಆಸ್ಪೆನ್ ಇದ್ದರೆ ದಯವಿಟ್ಟು ಕಡಿಯಬೇಡಿ. ಅದರ ಪೊಟರೆಯಲ್ಲಿ ಹಾರುವ ಅಳಿಲು ವಾಸ ಮಾಡುತ್ತದೆ, ಅದು ಕಾನೂನಿನ ರಕ್ಷಣೆ ಇರುವ ಪ್ರಾಣಿ. ದೊಡ್ಡ ಆಸ್ಪೆನ್ ಕಡಿದರೆ ಇನ್ನೊಂದು ತೊಂದರೆಯೂ ಇದೆ, ಬೇರಿನಿಂದ ನೂರಾರು ಚಿಗುರು ಏಳುತ್ತವೆ.

ಪೈನ್ ಬಗ್ಗೆ ಇಷ್ಟು ಸಾಕು: ಅದು ನೆರಳು ತಡೆಯುವುದಿಲ್ಲ, ಆದ್ದರಿಂದ ಮೊದಲು ಅಲ್ಲಿಂದ ಶುರು ಮಾಡಿ. ಪೈನ್ ಗಿಡಗಳನ್ನೇ ಈಗ ವಿರಳ ಮಾಡಲು ಹೋಗಬೇಡಿ. ಮೂಸ್, ಅಂದರೆ ಇಲ್ಲಿಯ ಭಾರೀ ಗಾತ್ರದ ಜಿಂಕೆ, ಬಂದು ಒಂದಷ್ಟು ತಿನ್ನುತ್ತದೆ, ಆಮೇಲೆ ಉಳಿದದ್ದರಲ್ಲಿ ಆರಿಸಿಕೊಳ್ಳಬಹುದು.

ಆ ತಗ್ಗಿನ ಬಗ್ಗೆ ತುಂಬಾ ಎಚ್ಚರ

ನಿಮ್ಮ ಪತ್ರದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸಿದ್ದು "ಕೆಳಗೊಂದು ತಗ್ಗು, ಸದಾ ಒದ್ದೆ" ಅನ್ನುವ ಮಾತು. ಇದರ ಬಗ್ಗೆ ನನ್ನ ಒಂದು ತಪ್ಪು ಹೇಳಲೇಬೇಕು.

ಕೆಲಸಕ್ಕೆ ಸೇರಿದ ಎರಡನೇ ವರ್ಷ. ಒಬ್ಬ ಅಜ್ಜನ ಕಾಡಿನಲ್ಲಿ ಇಂಥದ್ದೇ ತಗ್ಗಿನಲ್ಲಿ ಒಂದೂ ಬರ್ಚ್ ಉಳಿಸದೆ ಸವರಿಸಿದೆ. ನೋಡಲು ನರ್ಸರಿ ಪಾತಿಯ ಹಾಗೆ ಚೆಂದ ಇತ್ತು. ಮುಂದಿನ ವರ್ಷ ಜೂನ್ ಮೊದಲ ವಾರ. ಹಗಲು ಬಿಸಿಲು, ರಾತ್ರಿ ಮೋಡ ಇಲ್ಲ, ಗಾಳಿ ಇಲ್ಲ. ಬೆಳಗ್ಗೆ ಹೋಗಿ ನೋಡಿದರೆ ಸ್ಪ್ರೂಸಿನ ಹೊಸ ಚಿಗುರೆಲ್ಲ ಒದ್ದೆ ಬಟ್ಟೆಯ ಹಾಗೆ ಜೋತು ಬಿದ್ದಿದ್ದವು. ರಾತ್ರಿ ನೀರು ಹೆಪ್ಪುಗಟ್ಟುವಷ್ಟು ಚಳಿ ಬಿದ್ದಿತ್ತು. ವಾರದಲ್ಲಿ ಕಂದಾಗಿ ಒಣಗಿದವು. ತಣ್ಣನೆಯ ಗಾಳಿ ಭಾರ, ನೀರಿನ ಹಾಗೆ ಹರಿದು ತಗ್ಗಿನಲ್ಲಿ ನಿಲ್ಲುತ್ತದೆ. ಮೇಲೆ ಎಲೆಗಳ ಮುಚ್ಚಿಗೆ ಇದ್ದರೆ ನೆಲದ ಶಾಖ ಪೂರ್ತಿ ಆಕಾಶಕ್ಕೆ ಹೋಗದೆ ಸ್ವಲ್ಪ ಉಳಿಯುತ್ತದೆ. ಆ ಮುಚ್ಚಿಗೆಯನ್ನು ನಾನೇ ತೆಗೆಸಿದ್ದೆ. ಅಜ್ಜ ಬೈಯಲಿಲ್ಲ. "ನಮ್ಮಪ್ಪ ಇಲ್ಲಿ ಆಲೂಗಡ್ಡೆ ಹಾಕುತ್ತಿರಲಿಲ್ಲ" ಅಂದರು ಅಷ್ಟೇ. ಕೇಳಿದ್ದರೆ ಮೊದಲೇ ಹೇಳುತ್ತಿದ್ದರು. ನಾನು ಕೇಳಿರಲಿಲ್ಲ.

ಹಾಗಾಗಿ ತಗ್ಗಿನಲ್ಲಿ ಪೂರ್ತಿ ಸವರಬೇಡಿ. ಸ್ಪ್ರೂಸ್ ತುದಿಗೆ ಬಡಿಯುವ ಬರ್ಚ್ ಮಾತ್ರ ತೆಗೆಯಿರಿ. ಉಳಿದವು ಮೇಲೆ ಛತ್ರಿಯ ಹಾಗೆ ಇರಲಿ. ಸ್ಪ್ರೂಸ್ ಈ ಹೆಪ್ಪುಗಟ್ಟುವ ಚಳಿ ಕೂರುವ ಎತ್ತರ ದಾಟಿದ ಮೇಲೆ, ಅಂದರೆ ಎರಡು ಮೂರು ಮೀಟರ್ ಆದ ಮೇಲೆ, ಛತ್ರಿಯನ್ನು ಎರಡು ಕಂತಿನಲ್ಲಿ ತೆಗೆದರಾಯ್ತು. ತೀರಾ ಒದ್ದೆ ಇರುವ ಮೂಲೆಯನ್ನು ಹಾಗೇ ಪೊದೆಯಾಗಿ ಬಿಟ್ಟುಬಿಡಿ. ಕಾಡುಕೋಳಿಗಳು ಮರಿ ಮಾಡಿಕೊಂಡು ಅಲ್ಲಿ ಅಡಗುತ್ತವೆ. ಇಲ್ಲಿಯ ಕಾಡಿನೊಡೆಯರು ಬೇಕೆಂದೇ ಇಂಥ ಪೊದೆ ಬಿಡುತ್ತಾರೆ. ಎರಡೂವರೆ ಹೆಕ್ಟೇರಿನಲ್ಲಿ ಅಂಥ ಎರಡು ಮೂರು ಪೊದೆ ಇದ್ದರೆ ನಿಮಗೇನೂ ನಷ್ಟ ಇಲ್ಲ. ನಿಮ್ಮ ಗಂಡನಿಗೂ ಸಮಾಧಾನ.

ಯಾವಾಗ, ಹೇಗೆ?

ಗುತ್ತಿಗೆದಾರರು ಮೇ ಅಂದದ್ದಕ್ಕೆ ಅವರ ಕಾರಣ ಇದೆ. ಎಲೆ ಬರುವ ಮುಂಚೆ ಸಸಿ ಚೆನ್ನಾಗಿ ಕಾಣುತ್ತದೆ, ಕೆಲಸ ಬೇಗ ಆಗುತ್ತದೆ. ಆದರೆ ಆಗ ಬರ್ಚ್ ಬೇರಿನಲ್ಲಿ ಚಳಿಗಾಲಕ್ಕೆಂದು ಕೂಡಿಟ್ಟ ಸಕ್ಕರೆ ಪೂರ್ತಿ ಇರುತ್ತದೆ. ಕಡಿದರೆ ಅದನ್ನೆಲ್ಲ ಸುರಿದು ಬೊಡ್ಡೆ ತುಂಬ ಚಿಗುರು ಹೊಡೆಯುತ್ತದೆ. ನಮ್ಮೂರಲ್ಲಿ ಮತ್ತಿ, ಹೊನ್ನೆ ಕಡಿದರೆ ಹೇಗೆ ಗುಂಪಾಗಿ ಚಿಗುರುತ್ತೋ ಹಾಗೆ. ಅದೇ ಜೂನ್ ಕೊನೆ, ಜುಲೈ ಹೊತ್ತಿಗೆ ಬೇರಿನ ಸಕ್ಕರೆ ಎಲೆಗೆ ಹೋಗಿಬಿಟ್ಟಿರುತ್ತದೆ, ಬೇರು ಬರಿದು. ಆಗ ಕಡಿದರೆ ಚಿಗುರುವುದು ಕಡಿಮೆ. ಪೂರ್ತಿ ನಿಲ್ಲುತ್ತೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ, ಕಡಿಮೆಯಾಗುತ್ತೆ ಅಷ್ಟೇ.

ಮತ್ತೊಂದು ವಿಷಯ, ಮೇ, ಜೂನ್ ಹಕ್ಕಿಗಳು ಗೂಡು ಕಟ್ಟುವ ಕಾಲ. ಎಲೆಗಿಡ ದಟ್ಟವಾಗಿರುವ ಕಡೆ ಗೂಡು ಜಾಸ್ತಿ. ಎರಡನ್ನೂ ತೂಗಿ ನಾನು ಹೇಳುವುದು ಜುಲೈ ಕೊನೆಯಿಂದ ಆಗಸ್ಟ್ ಮಧ್ಯ. ಮರಿಗಳು ಬಹುತೇಕ ಹಾರಿರುತ್ತವೆ, ಬೇರು ಇನ್ನೂ ತುಂಬಿಕೊಂಡಿರುವುದಿಲ್ಲ. ಗುತ್ತಿಗೆದಾರರಿಗೆ ಇದನ್ನು ಮೊದಲೇ ಹೇಳಿ ದಿನ ಹಿಡಿಯಿರಿ, ಆ ಸಮಯದಲ್ಲಿ ಅವರಿಗೆ ಕೆಲಸ ಜಾಸ್ತಿ ಇರುತ್ತದೆ.

ಸವರುವುದರಲ್ಲಿ ಎರಡು ಬಗೆ. ಒಂದು, ಪೂರ್ತಿ ಜಾಗ ಸವರುವುದು. ಇನ್ನೊಂದು, ಪ್ರತಿ ಸ್ಪ್ರೂಸ್ ಸುತ್ತ ಒಂದು ಮೀಟರ್ ಮಾತ್ರ ಬಿಡಿಸುವುದು. ಸುತ್ತ ಮಾತ್ರ ಬಿಡಿಸಿದರೆ ಈಗಿನ ಖರ್ಚು ಕಡಿಮೆ, ಮೂಸ್‌ಗೆ ಮೇವು ಉಳಿಯುತ್ತದೆ, ಹೆಪ್ಪುಗಟ್ಟುವ ಚಳಿಯಿಂದ ಸ್ವಲ್ಪ ರಕ್ಷಣೆ. ಆದರೆ ಸುತ್ತ ಉಳಿದವು ಮೂರ್ನಾಲ್ಕು ವರ್ಷದಲ್ಲಿ ಮತ್ತೆ ಮೇಲೆ ಬಂದು ಮುಚ್ಚುತ್ತವೆ. ನಿಮ್ಮ ಜಾಗಕ್ಕೆ ನನ್ನ ಸಲಹೆ: ಮಧ್ಯದ ಒಳ್ಳೆಯ ನೆಲದಲ್ಲಿ ಆರಿಸಿದ ಬರ್ಚ್ ಉಳಿಸಿ ಬಾಕಿ ಪೂರ್ತಿ. ತಗ್ಗಿನಲ್ಲಿ ಸುತ್ತ ಮಾತ್ರ. ಮಂಡಿಗಿಂತ ಕೆಳಗಿನ ಸಣ್ಣ ಎಲೆಗಿಡಗಳ ತಂಟೆಗೆ ಹೋಗಲೇ ಬೇಡಿ, ಅವು ಸ್ಪ್ರೂಸಿಗೆ ಏನೂ ಮಾಡುವುದಿಲ್ಲ. ಮಳೆ ಬಂದು ನೆಲ ಮೆತ್ತಗಿದ್ದರೆ ಚಿಕ್ಕ ಬರ್ಚ್ ಕೈಯಲ್ಲೇ ಕಿತ್ತು ಬರುತ್ತದೆ. ಬೇರು ಸಮೇತ ಬಂದದ್ದು ಮತ್ತೆ ಚಿಗುರುವುದಿಲ್ಲ, ಇದಕ್ಕಿಂತ ಒಳ್ಳೆಯ ಉಪಾಯ ಇಲ್ಲ. ಮಕ್ಕಳಿದ್ದರೆ ಕರೆದುಕೊಂಡು ಹೋಗಿ, ಒಂದು ಮಧ್ಯಾಹ್ನದಲ್ಲಿ ಒಂದು ಮೂಲೆ ಆಗಿಬಿಡುತ್ತದೆ.

ಇದು ಮೊದಲ ಸುತ್ತು ಮಾತ್ರ. ಸ್ಪ್ರೂಸ್ ಮೂರ್ನಾಲ್ಕು ಮೀಟರ್ ಆದಾಗ ಇನ್ನೊಂದು ಸುತ್ತು ಇದೆ. ಆಗ ಹೆಕ್ಟೇರಿಗೆ 1800ರಿಂದ 2000 ಮರ ಉಳಿಸಬೇಕು. ಎಷ್ಟಿದೆ ಅಂತ ಎಣಿಸುವುದು ಸುಲಭ. 3 ಮೀಟರ್ 99 ಸೆಂಟಿಮೀಟರ್ ಉದ್ದದ ಒಂದು ಕೋಲು ಮಾಡಿಕೊಳ್ಳಿ. ಒಂದು ಕಡೆ ನಿಂತು ಕೋಲು ಸುತ್ತ ತಿರುಗಿಸಿ. ಆ ವೃತ್ತ ಸರಿಯಾಗಿ 50 ಚದರ ಮೀಟರ್. ಒಳಗೆ ಬಂದ ಮರ ಎಣಿಸಿ 200ರಿಂದ ಗುಣಿಸಿದರೆ ಹೆಕ್ಟೇರಿನ ಲೆಕ್ಕ. ಒಂಬತ್ತೋ ಹತ್ತೋ ಬಂದರೆ ಸರಿ ಇದೆ. ನಿಮ್ಮ ಮಾವನವರ ಶೆಡ್ಡಿನಲ್ಲಿ ಅಂಥ ಕೋಲೋ, ಅಳತೆ ಗುರುತು ಹಾಕಿದ ಹಳೆಯ ಗಾಳದ ಕಡ್ಡಿಯೋ ಇದ್ದರೂ ಇರಬಹುದು.

ಔಷಧಿ ಹೊಡೆಯಬಹುದಾ?

ಬೇಡ. ಕಾರಣ ಹೇಳ್ತೀನಿ. ಗ್ಲೈಫೋಸೇಟ್ ಅನ್ನುವ ಕಳೆನಾಶಕವನ್ನು ಕೆನಡಾದ ಕೆಲವು ಕಡೆ ಈ ಕೆಲಸಕ್ಕೆ ಬಳಸಿದ್ದಾರೆ. ಬೇಸಿಗೆ ಕೊನೆಯಲ್ಲಿ ಸ್ಪ್ರೂಸಿನ ಮೊಗ್ಗು ಗಟ್ಟಿಯಾದ ಮೇಲೆ ಹೊಡೆದರೆ ಎಲೆಗಿಡ ಸಾಯುತ್ತದೆ, ಸೂಜಿ ಎಲೆಯವು ತಡೆದುಕೊಳ್ಳುತ್ತವೆ. ಚಿಗುರು ಎಳೆಯದಿದ್ದಾಗ ಬಿದ್ದರೆ ಸ್ಪ್ರೂಸೂ ಸುಡುತ್ತದೆ. ಅದೇ ಕೆನಡಾದ ಕ್ವಿಬೆಕ್ ಪ್ರಾಂತ್ಯದಲ್ಲಿ 2001ರಿಂದ ಸರ್ಕಾರಿ ಕಾಡುಗಳಲ್ಲಿ ಕಳೆನಾಶಕ ನಿಲ್ಲಿಸಿದರು. ಅಲ್ಲಿ ಈಗ ಎಲ್ಲ ಮಿಷನ್ ಕೆಲಸವೇ. ನಿಮ್ಮ ಜಾಗ ಒದ್ದೆ ತಗ್ಗಿಗೆ ಇಳಿಯುತ್ತದೆ, ಸುತ್ತ ಜನ ಬ್ಲೂಬೆರಿ, ರಾಸ್‌ಬೆರಿ ಆರಿಸುತ್ತಾರೆ. ಕತ್ತರಿಸಿ ಮುಗಿಸಬಹುದಾದ ಕೆಲಸಕ್ಕೆ ವಿಷ ಯಾಕೆ? ತೋಟದ ಲೆಕ್ಕ ಇಲ್ಲಿಗೆ ತರಬೇಡಿ.

ಬರ್ಚ್ ಬೊಡ್ಡೆಗೆ ಒಂದು ಬಗೆಯ ಶಿಲೀಂಧ್ರ ಹಚ್ಚಿ ಚಿಗುರು ತಡೆಯುವ ಸಂಶೋಧನೆ ಇಲ್ಲಿ ನಡೆದಿದೆ. ಕಾಡಿನಲ್ಲೇ ಇರುವ ಶಿಲೀಂಧ್ರ ಅದು. ಬರ್ಚ್ ಮೇಲೆ ಚೆನ್ನಾಗಿ ಕೆಲಸ ಮಾಡುತ್ತದೆ, ಆಸ್ಪೆನ್, ರೋವನ್ ಮೇಲೆ ಅಷ್ಟು ಹಿಡಿತ ಇಲ್ಲ. ಹಣ್ಣಿನ ಮರಗಳಿಗೆ ಎಲೆ ಬಿಳಿಚಿಸುವ ರೋಗ ತರುವುದೂ ಇದೇ. ನಿಮ್ಮಷ್ಟು ಚಿಕ್ಕ ಜಾಗಕ್ಕೆ ಅದರ ಗೋಜು ಬೇಕಿಲ್ಲ.

ನೀವೇ ಮಾಡಬಹುದಾ?

ಮಾಡಬಹುದು. ಇಲ್ಲಿ ಎಷ್ಟೋ ಮನೆಯವರು ರಜೆಯಲ್ಲಿ ಮಾಡುತ್ತಾರೆ. ಆದರೆ ಸುಮ್ನೆ ಮಿಷನ್ ಬಾಡಿಗೆಗೆ ತಂದು ಶುರು ಮಾಡಬೇಡಿ. ನಮ್ಮೂರಲ್ಲಿ ಹುಲ್ಲು ಹೊಡೆಯುವ ವೀಡ್ ಕಟರ್‌ಗೂ ಇದಕ್ಕೂ ವ್ಯತ್ಯಾಸ ಇದೆ. ಇದಕ್ಕೆ ಇರುವುದು ನೈಲಾನ್ ದಾರ ಅಲ್ಲ, ಹಲ್ಲಿರುವ ಗರಗಸದ ಚಕ್ರ. ಚಕ್ರವನ್ನು ಗಡಿಯಾರ ಅಂದುಕೊಳ್ಳಿ. 12ರಿಂದ 3ರ ನಡುವಿನ ಭಾಗ ಗಟ್ಟಿ ಕಾಂಡಕ್ಕೆ ತಾಗಿದರೆ ಮಿಷನ್ ಜೋರಾಗಿ ಒದೆಯುತ್ತದೆ. ಆ ಭಾಗದಿಂದ ಕತ್ತರಿಸಲೇಬಾರದು, ಎಡಗಡೆಯಿಂದ ಕತ್ತರಿಸಬೇಕು. ಒಬ್ಬರು ಕೆಲಸ ಮಾಡುವಾಗ ಇನ್ನೊಬ್ಬರು 15 ಮೀಟರ್ ಒಳಗೆ ಬರಬಾರದು. ಹೆಲ್ಮೆಟ್, ಮುಖಕ್ಕೆ ಜಾಲರಿ, ಕಿವಿಗೆ ಮುಚ್ಚಳ, ಗಟ್ಟಿ ಬೂಟು ಇಲ್ಲದೆ ಒಂದು ಗಿಡವನ್ನೂ ಕತ್ತರಿಸಬೇಡಿ. ಅಭ್ಯಾಸ ಇಲ್ಲದವರಿಗೆ ಹೆಕ್ಟೇರಿಗೆ ಮೂರ್ನಾಲ್ಕು ದಿನ ಬೇಕಾಗುತ್ತದೆ. ಮೊದಲ ದಿನ ಕೆಲವು ಸ್ಪ್ರೂಸ್ ಕೂಡ ಹೋಗುತ್ತವೆ, ಎಲ್ಲರಿಗೂ ಆಗುತ್ತದೆ. ಹಿಂದಿನ ದಿನ ಸಾಲು ಹಿಡಿದು ನಡೆದು, ಮುಚ್ಚಿಹೋದ ಸಸಿಯ ಪಕ್ಕ ಬಣ್ಣದ ರಿಬ್ಬನ್ ಕಟ್ಟಿಕೊಂಡರೆ ಉಳಿಯುತ್ತವೆ.

ಒಂದು ಮಾತು ಮಲೆನಾಡಿನವರಿಗಾಗಿಯೇ. ಇಲ್ಲಿಯ ಹುಲ್ಲಿನಲ್ಲೂ ಉಣುಗು ಇದೆ. ಅದು ಕಚ್ಚಿ ಬರುವ ಮಿದುಳು ಜ್ವರದ ವೈರಸ್, ನಮ್ಮ ಮಂಗನ ಕಾಯಿಲೆಯ ವೈರಸ್‌ನ ಹತ್ತಿರದ ಸಂಬಂಧಿ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದದ್ದಲ್ಲವೇ ಅದು, ನಿಮ್ಮ ತವರಿನ ಪಕ್ಕದಲ್ಲೇ. ಇಲ್ಲಿಯದಕ್ಕೆ ಲಸಿಕೆ ಇದೆ. ಕಾಡಿನ ಕೆಲಸ ಶುರು ಮಾಡುವ ಮುಂಚೆ ಇಬ್ಬರೂ ಹಾಕಿಸಿಕೊಳ್ಳಿ. ಸಂಜೆ ಮನೆಗೆ ಬಂದು ಮೈ ಪೂರ್ತಿ ನೋಡಿಕೊಳ್ಳಿ.

ಗುತ್ತಿಗೆಗೆ ಕೊಡುವುದಾದರೆ ಹೆಕ್ಟೇರಿಗೆ ಕೆಲವು ನೂರು ಯೂರೋ ಆಗುತ್ತದೆ, ಗಿಡದ ದಪ್ಪ ನೋಡಿ ಹೆಚ್ಚು ಕಡಿಮೆ. ಮರ ಮಾರಿದ ಆದಾಯದ ತೆರಿಗೆಯಲ್ಲಿ ಈ ಖರ್ಚು ಕಳೆಯಬಹುದು. ಎಳೆಕಾಡಿನ ಆರೈಕೆಗೆ ಸರ್ಕಾರದ ಸಹಾಯಧನವೂ ಇದೆ. 2024ರಿಂದ ಅದು ಮೆಟ್ಕಾ ಅನ್ನುವ ಹೊಸ ಯೋಜನೆಯಲ್ಲಿ ಬರುತ್ತದೆ, ಅರಣ್ಯ ಕೇಂದ್ರ ನೋಡಿಕೊಳ್ಳುತ್ತದೆ. ಅರ್ಜಿ ಕೆಲಸ ಶುರು ಮಾಡುವ ಮುಂಚೆ ಹಾಕಬೇಕು. ಆಮೇಲೆ ಹಾಕಿದರೆ ಸಿಗುವುದಿಲ್ಲ. ಪ್ರತಿ ವರ್ಷ ಯಾರಾದರೂ ಒಬ್ಬರು ಈ ಒಂದು ಕಾರಣಕ್ಕೆ ಹಣ ಕಳೆದುಕೊಂಡು ನನ್ನ ಹತ್ತಿರ ಬರುತ್ತಾರೆ, ಬೇಜಾರಾಗುತ್ತದೆ. ಗುತ್ತಿಗೆದಾರರ ಜೊತೆ ಕಾಗದದಲ್ಲಿ ಬರೆಸಿಕೊಳ್ಳಿ: ಎಷ್ಟು ಬರ್ಚ್ ಉಳಿಸಬೇಕು, ತಗ್ಗಿನಲ್ಲಿ ಏನು ಮಾಡಬೇಕು, ಯಾವ ಪೊದೆ ಮುಟ್ಟಬಾರದು. ನಕ್ಷೆಯಲ್ಲಿ ಗುರುತು ಹಾಕಿ ಕೊಡಿ. ಬಾಯಿ ಮಾತಿನಲ್ಲಿ ಹೇಳಿದರೆ ಅವರ ಹುಡುಗರಿಗೆ ತಲುಪುವುದಿಲ್ಲ.

ಸವರಿದ ವರ್ಷ ಸ್ಪ್ರೂಸ್ ಏನೂ ಬೆಳೆದ ಹಾಗೆ ಕಾಣುವುದಿಲ್ಲ. ಹೆದರಬೇಡಿ. ಸ್ಪ್ರೂಸ್ ಮುಂದಿನ ವರ್ಷ ಎಷ್ಟು ಉದ್ದ ಹೋಗಬೇಕು ಅಂತ ಈ ವರ್ಷದ ಬೇಸಿಗೆಯ ಕೊನೆಯಲ್ಲೇ ಮೊಗ್ಗಿನೊಳಗೆ ಬಹುಮಟ್ಟಿಗೆ ತೀರ್ಮಾನ ಆಗಿರುತ್ತದೆ. ಆದ್ದರಿಂದ ನೀವು ಕೊಟ್ಟ ಬೆಳಕಿನ ಫಲ ಕಾಣುವುದು ಒಂದೆರಡು ವರ್ಷ ಬಿಟ್ಟು.

ಕೊನೆಯದಾಗಿ, ಗುತ್ತಿಗೆದಾರರನ್ನು ಕರೆಯುವ ಮುಂಚೆ ಒಂದು ದಿನ ಮಾವನವರನ್ನು ಕಾರಿನಲ್ಲಿ ಕರೆದುಕೊಂಡು ಹೋಗಿ. ಅವರಿಗೆ ನಡೆಯಲಾಗದಿದ್ದರೆ ರಸ್ತೆ ಬದಿಯಲ್ಲಿ ಕುರ್ಚಿ ಹಾಕಿ ಕೂರಿಸಿ, ಒಂದು ಫ್ಲಾಸ್ಕ್ ಕಾಫಿ ಜೊತೆಗಿರಲಿ. ಸಸಿ ಸಾಲು ಯಾವ ದಿಕ್ಕಿಗೆ ಹೋಗಿದೆ, ಜೂನಿನಲ್ಲಿ ಹೆಪ್ಪುಗಟ್ಟುವ ಚಳಿ ಎಲ್ಲಿಯವರೆಗೆ ಕೂರುತ್ತೆ, ಮೂಸ್ ಯಾವ ಕಡೆಯಿಂದ ಬರುತ್ತೆ, ಈ ಮೂರು ಕೇಳಿ ಬರೆದುಕೊಳ್ಳಿ. ಬರ್ಚ್ ಉಳಿಸುವ ವಿಷಯ ಅಲ್ಲೇ, ಕಡ್ಡಿ ಕೈಗೆ ಕೊಟ್ಟು ಮಾತಾಡಿ. ಮನೆಯಲ್ಲಿ ಕೂತು ಹೇಳಿದರೆ ಒಪ್ಪದವರು ಕಾಡಿನಲ್ಲಿ ಒಪ್ಪಿದ್ದನ್ನು ನಾನು ತುಂಬಾ ಸಲ ನೋಡಿದ್ದೇನೆ.